ಹಳೇ ನೀರು ಬೇಕಾಗಿದೆ

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿದ ನನ್ನ ಮಾತಿಗೆ ಮನೆಯಲ್ಲಿ ಬೆಲೆಯೇ ಇಲ್ಲ. ಆ ಬೆಲೆಯನ್ನು ಏರಿಸಿಕೊಳ್ಳಲೆಂದೇ ತಿಪ್ಪೇರುದ್ರಪ್ಪನ ಮೀನುಗಳ ಪಾಲನೆಯನ್ನು ಒಪ್ಪಿಕೊಂಡೆ.

ತಿಪ್ಪೇರುದ್ರಪ್ಪ ನಮ್ಮ ಶಾಲೆಯಲ್ಲೇ ಗಣಿತ ಕಲಿಸುತ್ತಿದ್ದವನು. ಮಂಡಿ ಆಪರೇಷನ್ನಿನ ನಂತರ ಹೊಸದುರ್ಗದ ಮಗಳ ಮನೆಯಲ್ಲಿ ಮೂರು ತಿಂಗಳಿರಲು ಹೊರಟಿದ್ದ. ಭಾನುವಾರ ಬೆಳಿಗ್ಗೆ, ಆರು ವರ್ಷದಿಂದ ಸಾಕಿದ ಎರಡು ಗೋಲ್ಡ್ ಫಿಶ್‌ಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದುಕೊಟ್ಟ.

“ಸಂಜೆ ಬಸ್ ಹತ್ತೋಕೆ ಮುಂಚೆ ಬಂದು ನೋಡ್ಕಂಡು ಹೋಗ್ತೀನಿ ಕಣಪ್ಪ. ಇವು ಈಜಾಡ್ತಿದ್ರೇನೇ ನಾನು ಊರು ಬಿಡೋದು” ಎಂದ. ಕಣ್ಣು ಒದ್ದೆಯಾಗಿತ್ತು.

ನನ್ನ ಸಿದ್ಧತೆ ಪರಿಪೂರ್ಣವಾಗಿತ್ತು. ಹೊಸ ಗಾಜಿನ ತೊಟ್ಟಿ ತಂದು, ಮೂರು ದಿನ ಮೊದಲೇ ನೀರು ತುಂಬಿಸಿ ಇಟ್ಟಿದ್ದೆ. ನಲ್ಲಿ ನೀರಿನ ಬ್ಲೀಚಿಂಗ್ ಪೌಡರಿನ ಅಂಶ ಆರಿಹೋಗಬೇಕು. ಇಲ್ಲದಿದ್ದರೆ ಮೀನಿಗೆ ಅದು ವಿಷ. ಚೀಲವನ್ನು ಹಿಡಿದು ತೊಟ್ಟಿಯ ಮೇಲೆ ಬಾಗಿದೆ. ಮೂಗಿಗೆ ಬ್ಲೀಚಿಂಗ್ ಪೌಡರಿನ ಘಾಟು ಹೊಡೆಯಿತು. ಹೆಂಡತಿಯನ್ನು ಕೂಗಿದೆ.

“ರೇಣುಕಾ, ಈ ನೀರು ಯಾರು ಮುಟ್ಟಿದ್ದು?”

“ನಾನೇ. ಬೆಳಿಗ್ಗೆ ನಲ್ಲಿ ಬಂತಲ್ಲ, ಹಳೇದು ಚೆಲ್ಲಿ, ತೊಟ್ಟಿ ತೊಳೆದು, ಹೊಸ ನೀರು ತುಂಬ್ಸೀನಿ. ಮನೆಗೆ ಬಂದೋರಿಗೆ ಮೂರು ದಿನದ ನೀರು ಕೊಡ್ತಾರೇನ್ರಿ, ಮೀನಾದ್ರೇನು?”

“ಹಳೇದಾಗ್ಲಿ ಅಂತಾನೇ ಇಟ್ಟಿದ್ದೆ ಮಾರಾಯ್ತಿ.”

“ನನಗೆ ಹೇಳಿದ್ರಾ?”

(ಹೇಳಿರಲಿಲ್ಲ. ಕ್ಲೋರಿನ್ನಿನ ವಿಷಯ ಅವಳಿಗೇನು ತಿಳಿದೀತು ಎಂದುಕೊಂಡಿದ್ದೆ. ಬೀದಿಯಲ್ಲಿ ಸಿಕ್ಕ ಹನ್ನೊಂದು ಜನರಿಗೆ ಮಾತ್ರ ವಿವರವಾಗಿ ಹೇಳಿದ್ದೆ.)

ನೀರಿಗೆ ಹಾಕುವ ಔಷಧಿ ತರೋಣವೆಂದರೆ ಮೀನಿನಂಗಡಿಯವನು ಹಿರಿಯೂರಿಗೆ ಮದುವೆಗೆ ಹೋಗಿದ್ದ. ಬೀದಿಯ ಬೋರ್‌ವೆಲ್ ಕೆಟ್ಟು ತಿಂಗಳಾಗಿತ್ತು. ಚೀಲದಲ್ಲಿ ಮೀನುಗಳು ಬಾಯಿ ತೆರೆದು ಮುಚ್ಚುತ್ತಿದ್ದವು. ಉಳಿದ ದಾರಿ ಒಂದೇ. ಕೊಡ ಹಿಡಿದು ಹಳೇ ನೀರಿನ ಭಿಕ್ಷೆಗೆ ಹೊರಟೆ.

“ಏನ್ ಮೇಷ್ಟ್ರೆ, ನಲ್ಲಿ ಬಂದ ದಿನಾನೂ ಹಳೇ ನೀರು ಇಟ್ಕಳೋ ಮನೆ ಅಂತ ತಿಳಿದ್ರಾ ನಮ್ದು?” ಎಂದು ಪಕ್ಕದ ಮನೆಯ ಚೌಡೇಶ್ವರಿ ಬಾಗಿಲು ಹಾಕಿಕೊಂಡಳು.

ಎದುರು ಮನೆಯ ಉಚ್ಚಂಗೆಮ್ಮನಿಗೆ ಬೇರೆಯೇ ಅನುಮಾನ. “ನಮ್ಮ ಸೊಸೆ ನೀರು ಹಿಡಿಯಲ್ಲ ಅಂತ ಯಾರು ಚಾಡಿ ಹೇಳಿದ್ರು ನಿಮಗೆ? ಬರ್ರಿ, ಒಳಗೆ ಬಂದು ನೋಡ್ರಿ.” ಒಳಗೆ ಹೋಗಿ ಥಳಥಳಿಸುವ ಒಂಬತ್ತು ಕೊಡಗಳನ್ನು ನೋಡಿ, ಹೊಗಳಿ, ಹೊರಬಂದೆ.

ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ರೇಣುಕಮ್ಮ ಕೂಗಿ ಹೇಳಿದಳು: “ಲಕ್ಷ್ಮೀಕಾಂತನ ಮನೇಲಿ ಕೇಳ್ರಿ. ಅವನು ಯಾವತ್ತು ಎದ್ದು ನೀರು ಹಿಡಿದಾನೆ?”

ಲಕ್ಷ್ಮೀಕಾಂತ ನನ್ನ ಹಳೆಯ ವಿದ್ಯಾರ್ಥಿ. ಬೀದಿಯ ಕೊನೆಯ ಮನೆಯಲ್ಲಿ ಒಬ್ಬನೇ ಇರುವ ಮೆಕ್ಯಾನಿಕ್. ಮೂರು ವರ್ಷ ಅವನನ್ನು ತಡವಾಗಿ ಬಂದದ್ದಕ್ಕೆ ತರಗತಿಯ ಹೊರಗೆ ನಿಲ್ಲಿಸಿದ್ದೇನೆ. ಈಗ ನಾನೇ ಅವನ ಮನೆಯ ಹೊರಗೆ ನಿಂತು ಬಾಗಿಲು ಬಡಿದೆ. ಲುಂಗಿ ಬಿಗಿಯುತ್ತ ಬಂದ.

“ಹಳೇ ನೀರಾ ಸಾರ್? ಡ್ರಮ್ ತುಂಬ ಐತೆ. ಹೋದ ವಾರದ್ದು.”

ಆತ ನನ್ನ ಯಾವ ಪ್ರಶ್ನೆಗೂ ಇಷ್ಟು ಸರಿಯಾದ ಉತ್ತರ ಕೊಟ್ಟದ್ದು ನೆನಪಿಲ್ಲ.

ಅವನೇ ನೀರು ಹೊತ್ತು ತಂದು, ತೊಟ್ಟಿಯ ಹೊಸ ನೀರು ಚೆಲ್ಲಿ ತುಂಬಿಸಿದ. ನಾನು ಗಾಬರಿಯಲ್ಲಿ ಚೀಲ ಬಿಚ್ಚಿ ಸುರಿಯಹೊರಟೆ.

“ತಡೀರಿ ಸಾರ್. ಚೀಲ ಹಂಗೇ ತೇಲಿ ಬಿಡ್ರಿ ಅರ್ಧ ಗಂಟೆ. ಆಮೇಲೆ ಲೋಟದಾಗೆ ಚೂರ್‍ಚೂರು ನೀರು ಚೀಲದೊಳಗೆ ಹಾಕ್ರಿ.”

“ನನಗೆ ಗೊತ್ತಪ್ಪ.”

“ಗೊತ್ತಿದ್ರೆ ಹಂಗ್ಯಾಕೆ ಸುರೀತಿದ್ರಿ?”

ರೇಣುಕಮ್ಮ ಅವನಿಗೆ ಕುರ್ಚಿ ಹಾಕಿದಳು. ಅವನು ಕುಳಿತು ಉಪ್ಪಿಟ್ಟು ತಿನ್ನುತ್ತ “ನಿಧಾನ, ಸಾರ್” ಎನ್ನುತ್ತಿದ್ದ; ನಾನು ನಿಂತು ಲೋಟ ಲೋಟವಾಗಿ ಹಾಕಿದೆ. ಕೊನೆಗೆ ಪುಟ್ಟ ಬಲೆಯಲ್ಲಿ ಮೀನುಗಳನ್ನು ಎತ್ತಿ ಬಿಟ್ಟೆ. ಒಂದು ಕ್ಷಣ ಸುಮ್ಮನಿದ್ದವು; ಆಮೇಲೆ ಬಾಲ ಬೀಸಿ ತೊಟ್ಟಿಯನ್ನು ಸುತ್ತತೊಡಗಿದವು.

ಸಂಜೆ ತಿಪ್ಪೇರುದ್ರಪ್ಪ ಗಾಜಿಗೆ ಮೂಗು ತಾಗಿಸಿ ನೋಡಿ ನಕ್ಕ. “ವಿಜ್ಞಾನದ ಮೇಷ್ಟ್ರ ಕೈಗೆ ಕೊಟ್ಟಿದ್ದು ಸಾರ್ಥಕ ಆತು.” ನಾನು ವಿನಯದಿಂದ ಬಾಯಿ ತೆರೆಯುವಷ್ಟರಲ್ಲಿ, ಕಾಫಿ ತಂದ ರೇಣುಕಮ್ಮ ಒಂದಕ್ಷರ ಬಿಡದೆ ನಡೆದದ್ದನ್ನು ವರದಿ ಮಾಡಿದಳು.

ತೊಟ್ಟಿಗೆ ವಾರಕ್ಕೊಮ್ಮೆ ಒಂದೆರಡು ಕೊಡ ಹಳೇ ನೀರು ಬೇಕು. ನಮ್ಮ ಮನೆಯಲ್ಲಿ ಅದು ಉಳಿಯುವುದಿಲ್ಲ. ಎಲ್ಲಿ ಬಚ್ಚಿಟ್ಟರೂ ರೇಣುಕಮ್ಮನ ಕೈ ತಾನಾಗಿ ಚೆಲ್ಲಿಬಿಡುತ್ತದೆ. ಉಳಿದಿರುವುದು ಲಕ್ಷ್ಮೀಕಾಂತನ ಡ್ರಮ್ ಒಂದೇ; ಅವನು ಎದ್ದರೆ ಅದಕ್ಕೂ ಹೊಸ ನೀರು. ಹಾಗಾಗಿ ಈಗ ನಲ್ಲಿ ಬರುವ ಬೆಳಿಗ್ಗೆ ನಾನು ಲಕ್ಷ್ಮೀಕಾಂತನ ಬಾಗಿಲಲ್ಲಿ ಕಾವಲಿರುತ್ತೇನೆ. ಗಲಗಲ ಮಾತಾಡುತ್ತ ಕೊಡ ಹೊತ್ತು ಬರುವವರಿಗೆ ತುಟಿಯ ಮೇಲೆ ಬೆರಳಿಟ್ಟು ಹೇಳುತ್ತೇನೆ:

“ಮೆಲ್ಲಗೆ ಕಣ್ರಮ್ಮ. ಹುಡುಗ ಮಲಗಿದಾನೆ.”