ಇಲ್ಲಿ ಜನ ಉಂಟು

ಒಬ್ಬಳೇ ಹೊರಟ ಹೆಂಗಸಿಗೆ ಸಿಟ್ಟು ಬರಿಸಲು ನಮ್ಮ ಕಡೆ ಯಾರೂ ವಿಶೇಷ ಪ್ರಯತ್ನ ಮಾಡಬೇಕಾಗಿಲ್ಲ. ಅದು ತಾನಾಗಿಯೇ ಆಗುತ್ತಿರುತ್ತದೆ, ಮನೆಯ ಗೇಟಿನಿಂದಲೇ ಶುರುವಾಗುತ್ತದೆ.

ನಾನು ಇಪ್ಪತ್ತೆಂಟು ವರ್ಷಗಳಿಂದ ಒಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂತಿರುವವಳು. ಎಕ್ಸ್‌ರೇ ಎಲ್ಲಿ, ಲಿಫ್ಟ್ ಎಲ್ಲಿ, ನಮ್ಮ ಭಾವ ಯಾವ ವಾರ್ಡು, ಭಾವನ ಹೆಸರು ನೆನಪಿಲ್ಲ ಆದರೆ ಮೀಸೆ ಉಂಟು — ಇಂಥ ಪ್ರಶ್ನೆಗಳಿಗೆ ಉತ್ತರಿಸಿ ಉತ್ತರಿಸಿ ಮನೆಗೆ ಬಂದರೆ ಗಂಡ ಸಕ್ಕರೆ ಡಬ್ಬ ಎಲ್ಲಿ ಎಂದು ಕೇಳುತ್ತಾರೆ. ಅದಕ್ಕೇ ಈ ಡಿಸೆಂಬರಿನಲ್ಲಿ ಒಂದು ದಿನ ರಜೆ ಹಾಕಿದೆ. ಯಾರೂ ಏನೂ ಕೇಳದ ಒಂದು ದಿನ ನನಗೆ ಬೇಕಿತ್ತು. ಬೆಳಿಗ್ಗೆ ಕಾಪು, ಮಧ್ಯಾಹ್ನ ಕಾರ್ಕಳ, ಸಂಜೆ ಐದೂವರೆಗೆ ಮಣಿಪಾಲದಲ್ಲಿ ಪಿಟೀಲು ಕಛೇರಿ.

ಕಛೇರಿಯೇ ಮುಖ್ಯ, ಉಳಿದದ್ದೆಲ್ಲ ಪಲ್ಯ, ಉಪ್ಪಿನಕಾಯಿ. ಹುಡುಗಿಯಾಗಿದ್ದಾಗ ಇಗರ್ಜಿಯ ಗಾಯನ ತಂಡದಲ್ಲಿ ನಾನು ಪಿಟೀಲು ಹಿಡಿದವಳು. ಮದುವೆಯಾದ ಮೇಲೆ ಒಂದೇ ಒಂದು ಕಛೇರಿಯನ್ನು ಕೊನೆಯವರೆಗೆ ಕೇಳಿದ್ದಿಲ್ಲ. ಮೂರನೆಯ ಹಾಡಿಗೆ ಗಂಡನ ಮೊಣಕಾಲು ಹಿಡಿಯುತ್ತದೆ, "ಹೋಗುವನಾ?" ಎನ್ನುತ್ತಾರೆ. ಈ ಸಲ ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಕೇಳಿಯೇ ಬರುವುದೆಂದು ಹಟ ಹಿಡಿದಿದ್ದೆ. ಒಂದೇ ತೊಡಕು: ನಮ್ಮ ಮನೆಯ ಕಡೆಗೆ ನೇರ ಬರುವ ಕೊನೆಯ ಬಸ್ಸು ಏಳೂಮುಕ್ಕಾಲಿನದು, ಅದು ತಪ್ಪಬಾರದು. ಮರುದಿನ ಬೆಳಿಗ್ಗೆ ಆರಕ್ಕೆ ನನ್ನ ಡ್ಯೂಟಿ.

ಆದಿ ಉಡುಪಿಯ ನಮ್ಮ ಮನೆಯ ಗೇಟಿನಲ್ಲಿ ಗಂಡ ತಮ್ಮ ಉದ್ದನೆಯ ಕಪ್ಪು ಕೊಡೆಯನ್ನು ಚಾಚಿದರು.

"ಮೋಡವೇ ಇಲ್ಲ, ಕೊಡೆ ಎಂತಕ್ಕೆ?" ಎಂದೆ.

"ಒಬ್ಬಳೇ ಹೋಗ್ತಾ ಇದ್ದೀಯಲ್ಲ. ಕೊಡೆಯಾದರೂ ಒಟ್ಟಿಗೆ ಇರಲಿ" ಎಂದರು.

ಕಟಪಾಡಿಯವರು

ಉಡುಪಿ ನಿಲ್ದಾಣದಲ್ಲಿ ಕಾಪುವಿನ ಕಡೆಗೆ ಹೋಗುವ ಬಸ್ಸು ಹತ್ತಿದೆ. ಮೂರು ಜನರ ಸೀಟಿನ ಕಿಟಕಿ ಬದಿಯಲ್ಲಿ ಒಬ್ಬ ಹೆಂಗಸು, ಪಕ್ಕದ ಎರಡು ಜಾಗಗಳ ಮೇಲೆ ಒಂದು ಕರವಸ್ತ್ರ, ಒಂದು ನೀರಿನ ಬಾಟಲಿ. ಕೂರಲು ಹೋದೆ.

"ಅಲ್ಲಿ ಜನ ಉಂಟು" ಎಂದಳು.

ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮ ಕಡೆ ಖಾಲಿ ಸೀಟಿನ ಮೇಲೆ ಕರವಸ್ತ್ರ ಹಾಕಿ "ಜನ ಉಂಟು" ಎಂದರೆ ಅಲ್ಲಿ ಜನ ಇಲ್ಲ, ಆದರೆ ನೀವು ಕೂರಬಾರದು ಎಂದರ್ಥ. ಈ ಎರಡು ಶಬ್ದಗಳ ಮುಂದೆ ಕೋರ್ಟಿನ ತಡೆಯಾಜ್ಞೆ ಏನೂ ಅಲ್ಲ.

ಬಸ್ಸು ಹೊರಟಿತು. ಜನ ಬರಲಿಲ್ಲ.

"ಎಲ್ಲಿದ್ದಾರೆ ನಿಮ್ಮ ಜನ?" ಎಂದು ಕೇಳಿದೆ.

"ಕಟಪಾಡಿಯಲ್ಲಿ ಹತ್ತುತ್ತಾರೆ."

ನೋಡಿ ನ್ಯಾಯ! ಉಡುಪಿಯಲ್ಲಿ ಹತ್ತಿದ ನಾನು ನಿಲ್ಲಬೇಕು, ಕಟಪಾಡಿಯಲ್ಲಿ ಇನ್ನೂ ಚಪ್ಪಲಿ ಹುಡುಕುತ್ತಿರುವವರಿಗೆ ಸೀಟು. ಕಂಬಿ ಹಿಡಿದು, ಕೊಡೆ ಕಂಕುಳಲ್ಲಿಟ್ಟು ಜೋಲಿ ಹೊಡೆಯುತ್ತ ನಿಂತೆ. ಕಟಪಾಡಿ ಬಂತು. ಒಬ್ಬ ಗಂಡಸು ಎರಡು ಚೀಲಗಳನ್ನು ಒಳಗೆ ಕೊಟ್ಟು ಕೆಳಗೇ ನಿಂತುಕೊಂಡ. ಹೆಂಗಸು ಅವುಗಳನ್ನು ಎತ್ತಿ ಜೋಪಾನವಾಗಿ ಸೀಟಿನ ಮೇಲೆ ಕೂರಿಸಿದಳು. ಒಳಗೆ ಮಟ್ಟುಗುಳ್ಳ! ಆ ಹೊತ್ತು ಆ ಹಸಿರು ಬದನೆಕಾಯಿಗಳ ಮೇಲೆ ನನಗೆ ಬಂದ ಸಿಟ್ಟು ಯಾವ ಮನುಷ್ಯನ ಮೇಲೂ ಬಂದದ್ದಿಲ್ಲ.

"ಇದಾ ನಿಮ್ಮ ಜನ?" ಎಂದು ಕಿರುಚಿದೆ.

"ಕೆಳಗೆ ಇಟ್ಟರೆ ಜಜ್ಜಿ ಹೋಗ್ತದೆ ಮಾರಾಯ್ರೆ, ಮದುವೆ ಮನೆಗೆ ಹೋಗುವ ಗುಳ್ಳ."

ನ್ಯಾಯಕ್ಕಾಗಿ ಕಂಡಕ್ಟರನ ಮುಖ ನೋಡಿದೆ. ಅವನು ಸೀಟನ್ನೂ ನನ್ನನ್ನೂ ಅಳೆದು ನೋಡಿ ತೀರ್ಪು ಕೊಟ್ಟ: "ಅದು ಎರಡು ಚೀಲ ಉಂಟಕ್ಕ. ನೀವು ಒಬ್ಬರೇ ಅಲ್ವಾ? ಸ್ವಲ್ಪ ಅಡ್ಜಸ್ಟ್ ಮಾಡಿ."

ಕೈ ಖಾಲಿ ಇರುವವರು

ಕಾಪುವಿನಲ್ಲಿ ದೀಪಸ್ತಂಭದ ಬಂಡೆಯ ಕೆಳಗೆ ನಿಂತು ಕಡಲು ನೋಡುತ್ತಿದ್ದೆ. ಎರಡು ನಿಮಿಷ ಆಗಿರಬಹುದು. ಘಟ್ಟದ ಮೇಲಿನಿಂದ ವ್ಯಾನಿನಲ್ಲಿ ಬಂದಿದ್ದ ಹನ್ನೊಂದು ಜನರ ಒಂದು ಕುಟುಂಬ ನನ್ನನ್ನು ಪತ್ತೆ ಹಚ್ಚಿತು.

"ನೀವು ಒಬ್ಬರೇ ಇದೀರಲ್ವಾ? ಒಂದು ಫೋಟೋ ತೆಗೀರಿ."

ಒಬ್ಬರೇ ಇರುವವರ ಕೈ ಖಾಲಿ, ಖಾಲಿ ಕೈ ಸಾರ್ವಜನಿಕ ಆಸ್ತಿ. ಒಂದು ತೆಗೆದೆ. ಯಾರದೋ ಕಣ್ಣು ಮುಚ್ಚಿದೆ ಎಂದರು. ಇನ್ನೊಂದು ತೆಗೆದೆ. ದೀಪಸ್ತಂಭದ ತಲೆ ಕತ್ತರಿಸಿದ್ದೀರಿ ಎಂದು ಬೈದರು. ಗಂಡಸರದ್ದು ಬೇರೆ, ಹೆಂಗಸರದ್ದು ಬೇರೆ, ಜಗಳವಾಡಿ ದೂರ ನಿಂತಿದ್ದ ಓರಗಿತ್ತಿಯದ್ದು ಬೇರೆ. ಆಮೇಲೆ ಅವರೆಲ್ಲ ನೀರಿಗಿಳಿದರು. ಏಳು ಫೋನು, ನಾಲ್ಕು ಚೀಲ, ಒಂದು ರಾಶಿ ಚಪ್ಪಲಿ ಮತ್ತು ಒಬ್ಬ ಅಜ್ಜಿ ನನ್ನ ವಶಕ್ಕೆ ಬಂದರು. ಹನ್ನೊಂದು ಜನರಲ್ಲಿ ಒಬ್ಬರಿಗಾದರೂ ನಾನು ಕಡಲು ನೋಡಲು ಬಂದಿರಬಹುದೆಂದು ಹೊಳೆಯಬೇಡವೇ?

ಅವರು ಒದ್ದೆಯಾಗಿ ಹಿಂದಿರುಗಿದಾಗ, ನನ್ನದೂ ಒಂದು ಫೋಟೋ ತೆಗೆಯಿರಿ ಎಂದು ನನ್ನ ಫೋನು ಕೊಟ್ಟೆ. ಒಬ್ಬ ಒಂದೇ ಒಂದು ತೆಗೆದು, "ಸೂಪರಾಗಿದೆ, ಲೈಟ್‌ಹೌಸ್ ಪೂರ್ತಿ ಬಂದಿದೆ" ಎಂದ. ನೋಡಿದರೆ ನನ್ನದು ಒಂದು ಕಿವಿ ಮತ್ತು ಗಂಡನ ಕೊಡೆ ಮಾತ್ರ ಬಂದಿತ್ತು.

ಹೊರಡುವಾಗ ಅಜ್ಜಿ ಮಾತ್ರ ನನ್ನ ಕೈ ಹಿಡಿದು ಕನಿಕರದಿಂದ ಕೇಳಿದರು: "ಪಾಪ, ದಿನಾ ಇಲ್ಲೇನಾ ಡ್ಯೂಟಿ ನಿಂಗೆ?"

ಹಿರಿಯರು ಒಪ್ಪಿದ ಮೇಲೆ

ಪಡುಬಿದ್ರಿಯ ಮೇಲಿನಿಂದ ಕಾರ್ಕಳ ಮುಟ್ಟುವಾಗ ಹೊಟ್ಟೆ ತಾಳ ಹಾಕುತ್ತಿತ್ತು. ಒಂದು ಹೋಟೆಲಿಗೆ ನುಗ್ಗಿದೆ.

"ಎಷ್ಟು ಜನ?" ಎಂದ ಸಪ್ಲಾಯರ್.

"ಒಬ್ಬಳೇ."

ಅವನು ನನ್ನ ಬೆನ್ನ ಹಿಂದೆ ಇಣುಕಿ ನೋಡಿದ. "ಉಳಿದವರು?"

"ಉಳಿದವರು ಹುಟ್ಟಲೇ ಇಲ್ಲ" ಎಂದೆ.

ಒಬ್ಬರಿಗೆಂದು ಮೇಜು ಕೊಟ್ಟರೆ ಹೋಟೆಲು ಮುಳುಗುತ್ತದೆ. ಎರಡು ಮೇಜು ಜೋಡಿಸಿದ್ದ ಜಾಗದಲ್ಲಿ, ಸರಿಯಾಗಿ ಜೋಡಣೆಯ ಮೇಲೆ ನನ್ನನ್ನು ಕೂರಿಸಿದ. ಎಡಗಡೆ ಐದು ಜನ, ಬಲಗಡೆ ನಾಲ್ಕು ಜನ, ಎಲ್ಲರೂ ಒಳ್ಳೆಯ ಬಟ್ಟೆ ಹಾಕಿ ಬಿಗಿಯಾಗಿ ಕೂತಿದ್ದರು. ಅದು ಹುಡುಗ ಹುಡುಗಿ ನೋಡುವ ಶಾಸ್ತ್ರ ಎಂದು ತಿಳಿಯುವಷ್ಟರಲ್ಲಿ ನನ್ನ ಊಟ ಬಂದಿತ್ತು. ಎಡಗಡೆಯವರು ನನ್ನನ್ನು ಹುಡುಗನ ಸೋದರತ್ತೆ ಎಂದೂ ಬಲಗಡೆಯವರು ಹುಡುಗಿಯ ಚಿಕ್ಕಮ್ಮ ಎಂದೂ ತಿಳಿದು ಮರ್ಯಾದೆ ಕೊಡುತ್ತಿದ್ದರು. ನಾನು ಸಾರಿನಲ್ಲಿ ಮುಳುಗಿದ್ದೆ.

ಬಲಗಡೆಯ ಹೆಂಗಸು ನನ್ನತ್ತ ಬಗ್ಗಿದಳು. "ನಮ್ಮ ಹುಡುಗ ಮಾತು ಸ್ವಲ್ಪ ಕಡಿಮೆ. ನಿಮಗೆ ಎಂತ ಕಾಣ್ತದೆ?"

ರಜೆಯ ದಿನವೂ ವಿಚಾರಣೆ! ನನಗೆ ತಡೆಯಲಾಗಲಿಲ್ಲ. "ಮಾತು ಕಡಿಮೆಯಾದರೆ ಪುಣ್ಯ ಮಾರಾಯ್ರೆ! ಬೆಳಿಗ್ಗೆಯಿಂದ ಬಾಯಿ ಮುಚ್ಚಿ ಕೂತ ಒಬ್ಬ ಮನುಷ್ಯ ನನಗೆ ಸಿಕ್ಕಿಲ್ಲ. ಇಂಥವನನ್ನು ಬಿಟ್ಟರೆ ಮತ್ತೆ ಸಿಗ್ತಾನಾ?" ಎಂದು ಸಿಡುಕಿದೆ.

ಮೇಜಿನ ಎರಡೂ ತುದಿಗಳಲ್ಲಿ ನಿಟ್ಟುಸಿರು. ಹುಡುಗಿ ಮೊದಲ ಸಲ ನಕ್ಕಳು. ನಾನು ಕೈ ತೊಳೆದು ಹೊರಡುವಾಗ ಎರಡೂ ಕಡೆಯವರು ಎದ್ದು ನಿಂತು ಕೈ ಮುಗಿದರು. "ಇನ್ನೆಂತ, ಹಿರಿಯರೇ ಒಪ್ಪಿದ ಮೇಲೆ!"

ಎತ್ತರದವರು

ಗೊಮ್ಮಟ ಬೆಟ್ಟದ ಮೆಟ್ಟಿಲು ಹತ್ತಿ ಮೇಲೆ ನಿಂತಾಗ ಗಾಳಿ ಬೀಸಿತು. ಸುತ್ತ ಯಾರೂ ಇರಲಿಲ್ಲ. ಇಷ್ಟು ಶತಮಾನಗಳಿಂದ ಇಲ್ಲಿ ಒಬ್ಬರೇ ನಿಂತಿದ್ದಾರೆ, ಅವರನ್ನು ಯಾರೂ "ಒಬ್ಬರೇಯಾ?" ಎಂದು ಕೇಳಿಲ್ಲ ಎಂದು ಹೊಟ್ಟೆಕಿಚ್ಚಾಯಿತು. ನೆಮ್ಮದಿಯೂ ಆಯಿತು. ಆಗ ಗಂಡನ ಫೋನು ಬಂತು.

"ಸಕ್ಕರೆ ಡಬ್ಬ ಎಲ್ಲಿ? ನೀನು ಈಗ ಒಬ್ಬಳೇಯಾ?"

"ಇಲ್ಲ. ಇಲ್ಲಿ ಒಬ್ಬರಿದ್ದಾರೆ. ತುಂಬಾ ಎತ್ತರ. ಒಂದು ಪ್ರಶ್ನೆಯನ್ನೂ ಕೇಳಿಲ್ಲ."

ಆಚೆ ಕಡೆ ಡಬ್ಬಗಳ ಸದ್ದು. "ಒಳ್ಳೆಯದಾಯ್ತು. ಅವರ ಒಟ್ಟಿಗೇ ಬಸ್ಸು ಹತ್ತು" ಎಂದರು.

ಜನ ಉಂಟಾ?

ಐದು ಗಂಟೆಗೆ ಮಣಿಪಾಲದ ಸಭಾಂಗಣ ತಲುಪಿದೆ. ಮೊದಲ ಸಾಲು ಗಣ್ಯರಿಗೆ. ಎರಡನೆಯ ಸಾಲಿನ ಏಳು ಕುರ್ಚಿಗಳ ಮೇಲೆ ಒಂದೇ ಶಾಲನ್ನು ಉದ್ದಕ್ಕೆ ಹಾಸಿ ಒಬ್ಬ ಹೆಂಗಸು ಕಾವಲು ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ "ಜನ ಉಂಟು" ಎಂದಳು. ಮೂರನೆಯ ಸಾಲಿನಲ್ಲಿ ಕರವಸ್ತ್ರಗಳು, ಒಂದು ಟೊಪ್ಪಿ, ಒಂದು ಟಿಫಿನ್ ಡಬ್ಬ. ಸಭಾಂಗಣದಲ್ಲಿ ಇದ್ದದ್ದು ಹದಿನಾಲ್ಕು ಮನುಷ್ಯರು, ಕಾದಿಟ್ಟದ್ದು ಅರವತ್ತು ಕುರ್ಚಿ.

ನಾಲ್ಕನೆಯ ಸಾಲಿನಲ್ಲಿ ನನಗೆ ಜಾಗ ಸಿಕ್ಕಿತು. ಈಗ ಯಾರಾದರೂ ಪಕ್ಕದಲ್ಲಿ ಕೂತು, ನಿಮ್ಮ ಮನೆ ಎಲ್ಲಿ ಆಯ್ತು, ಒಬ್ಬರೇ ಬಂದದ್ದಾ ಎಂದು ಶುರು ಮಾಡಿದರೆ ಕಛೇರಿಯ ಗತಿ ಏನು? ಬೆಳಿಗ್ಗೆಯಿಂದ ಪೆಟ್ಟು ತಿಂದು ಕಲಿತ ಪಾಠ ನೆನಪಾಯಿತು. ಗಂಡನ ಕೊಡೆಯನ್ನು ಪಕ್ಕದ ಕುರ್ಚಿಯ ಮೇಲೆ ಕೂರಿಸಿದೆ.

ಐದೂವರೆಗೆ ಐದು ನಿಮಿಷ ಇರುವಾಗ ಜುಬ್ಬಾ ಹಾಕಿದ ಒಬ್ಬ ಗಂಡಸು ಬಾಗಿಲಿನಿಂದ ಬಂದು ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದ: "ಜನ ಉಂಟಾ?"

ಬಂದ ನೋಡಿ ಎಂದುಕೊಂಡೆ. "ಉಂಟು!" ಎಂದೆ.

ಅವನು ನನ್ನ ಪಕ್ಕದ ಕುರ್ಚಿಯನ್ನು, ಮುಂದಿನ ಸಾಲುಗಳನ್ನು ಅನುಮಾನದಿಂದ ನೋಡಿದ. "ಇದೆಲ್ಲ ಖಾಲಿ ಕಾಣ್ತದಲ್ಲ?"

ಬೆಳಗಿನ ಬಸ್ಸಿನ ಹೆಂಗಸು ನನ್ನ ಮೈಮೇಲೆ ಬಂದಳು. "ಖಾಲಿ ಕಂಡರೆ ಖಾಲಿಯಾ? ಎಲ್ಲದಕ್ಕೂ ಜನ ಉಂಟು! ದಾರಿಯಲ್ಲಿದ್ದಾರೆ! ಒಬ್ಬರೂ ಬಿಡದೆ ಬರ್ತಾರೆ!"

"ತುಂಬಾ ಸಂತೋಷ" ಎಂದು ಅವನು ಹೊರಟು ಹೋದ. ಸಂತೋಷ ಎಂತಕ್ಕೆ ಎಂದು ನಾನು ಯೋಚಿಸಲಿಲ್ಲ. ಗೆದ್ದವರು ಯೋಚಿಸುವುದಿಲ್ಲ.

ಐದೂವರೆ ಆಯಿತು. ಪರದೆ ಏಳಲಿಲ್ಲ. ಐದೂಮುಕ್ಕಾಲು. ನನ್ನ ಬಸ್ಸು ಕಣ್ಣ ಮುಂದೆ ಓಡತೊಡಗಿತು. ಮತ್ತೊಂದು ಸಲ ಕೊನೆಯ ಹಾಡು ಬಿಟ್ಟು ಎದ್ದು ಹೋಗಬೇಕೇ? ಆರು ಗಂಟೆಗೆ ನಾನು ಎದ್ದು ನಿಂತೇ ಬಿಟ್ಟೆ.

"ಎಂತದು ಇದು? ಸಮಯಕ್ಕೆ ಬಂದವರಿಗೆ ಬೆಲೆ ಇಲ್ವಾ? ಯಾರಿಗೋಸ್ಕರ ಕಾಯುವುದು?"

ಹದಿಮೂರು ಜನ ನನಗೆ ಚಪ್ಪಾಳೆ ತಟ್ಟಿದರು. ಸಂಘಟಕರು ಓಡಿ ಬಂದು ಕೈ ಜೋಡಿಸಿದರು.

"ಸ್ವಲ್ಪ ತಾಳ್ಮೆ ಅಮ್ಮ. ಪಿಟೀಲಿನವರೇ ಬಂದು ವಿಚಾರಿಸಿ ಹೋಗಿದ್ದಾರೆ. ನಾಲ್ಕನೆಯ ಸಾಲಿನ ಒಬ್ಬರು ಅಮ್ಮ ಹೇಳಿದ್ರಂತೆ, ಎಲ್ಲದಕ್ಕೂ ಜನ ಉಂಟು, ದಾರಿಯಲ್ಲಿದ್ದಾರೆ, ಒಬ್ಬರೂ ಬಿಡದೆ ಬರ್ತಾರೆ ಅಂತ. ಅವರೆಲ್ಲ ಬರಲಿ ಅಂತ ಕಾಯ್ತಾ ಇದ್ದಾರೆ."

ಹದಿಮೂರು ತಲೆಗಳು ನಾಲ್ಕನೆಯ ಸಾಲಿನತ್ತ ತಿರುಗಿದವು. ಇಪ್ಪತ್ತೆಂಟು ವರ್ಷ ವಿಚಾರಣೆ ಕೌಂಟರಿನಲ್ಲಿ ಕೂತು ಒಂದೇ ಒಂದು ತಪ್ಪು ಉತ್ತರ ಕೊಟ್ಟವಳಲ್ಲ ನಾನು.

"ನಿಮ್ಮವರು ಎಲ್ಲಿಗೆ ಮುಟ್ಟಿದ್ರು ಅಮ್ಮ?" ಎಂದರು ಸಂಘಟಕರು. "ಒಟ್ಟು ಎಷ್ಟು ಜನ?"

ದಿನವಿಡೀ ಯಾವ ಮಾತು ಹೇಳಿ ಹೇಳಿ ಬಾಯಿ ಕಹಿಯಾಗಿತ್ತೋ ಅದನ್ನೇ ಹೇಳಬೇಕಾಯಿತು. "ನಾನು ಒಬ್ಬಳೇ."

"ಮತ್ತೆ ಪಕ್ಕದಲ್ಲಿ?"

"ಕೊಡೆ."

ಪರದೆಯ ಸೀಳಿನಿಂದ ಜುಬ್ಬಾದವರು ಇಣುಕಿದರು. ನನ್ನನ್ನು ನೋಡಿದರು, ಕೊಡೆಯನ್ನು ನೋಡಿದರು. "ಅವರು ಬಂದಾಯ್ತಲ್ಲ! ಶುರು ಮಾಡುವ" ಎಂದರು.

ಒಂದು ಮಾತು ಒಪ್ಪಿಕೊಳ್ಳಬೇಕು. ತಡವಾದದ್ದರಿಂದ ಸ್ವಾಗತ ಭಾಷಣ, ಅತಿಥಿಗಳ ಪರಿಚಯ, ಅತಿಥಿಗಳು ತಮ್ಮನ್ನು ತಾವೇ ಇನ್ನೊಮ್ಮೆ ಪರಿಚಯಿಸಿಕೊಳ್ಳುವುದು, ಎಲ್ಲವೂ ರದ್ದಾಯಿತು. ಪರದೆ ಎದ್ದದ್ದೇ ಕಮಾನು ತಂತಿಯ ಮೇಲೆ ಬಿತ್ತು. ಏಳೂವರೆಯವರೆಗೆ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮೊದಲ ಸ್ವರದಿಂದ ಕೊನೆಯ ಸ್ವರದವರೆಗೆ ಕೇಳಿದೆ, ಕೊನೆಯ ಮಂಗಳಕ್ಕೆ ಅತ್ತೂ ಬಿಟ್ಟೆ. ಕಣ್ಣು ಒರಸಿಕೊಳ್ಳುತ್ತಲೇ ಓಡಿ ಬಸ್ಸು ಹಿಡಿದೆ. ಕಿಟಕಿ ಬದಿಯ ಸೀಟೂ ಸಿಕ್ಕಿತು.

ಗಂಡ ಗೇಟಿನಲ್ಲೇ ಕಾಯುತ್ತಿದ್ದರು. ಊಟ ಆಯಿತೇ ಎಂದು ಕೇಳಲಿಲ್ಲ, ಸಂಗೀತ ಹೇಗಿತ್ತು ಎಂದೂ ಕೇಳಲಿಲ್ಲ. ನನ್ನ ಎರಡೂ ಕೈಗಳನ್ನು, ಆಮೇಲೆ ಬೆನ್ನ ಹಿಂದೆ ನೋಡಿ ಗಾಬರಿಯಿಂದ ಕೇಳಿದರು:

"ಒಬ್ಬಳೇ ಬಂದ್ಯಾ? ಕೊಡೆ ಎಲ್ಲಿ?"