ನಾಯಿ ಇರುವ ಮನೆಗೆ ಬಿಪಿ ಇಲ್ಲ

ಹಳ್ಳಿಮೈಸೂರು ಹೋಬಳಿಯಲ್ಲಿ ನಾಯಿ ಸಾಕಿದ ಯಾವ ಮನೆಯಲ್ಲೂ ರಕ್ತದೊತ್ತಡವಿಲ್ಲ ಎಂಬುದು ಸಮೀಕ್ಷೆಯಿಂದ ದೃಢಪಟ್ಟಿದೆ. ರಕ್ತದೊತ್ತಡ ಎಂದರೆ ಬಿಪಿ. ನಾಯಿ ಎಂದರೆ ನಾಯಿಯೇ.

ಸಮೀಕ್ಷೆ ಮಾಡಿದವನು ಹಾಸನದ ರಕ್ತದೊತ್ತಡ ಅಧ್ಯಯನ ಕೋಶದ ಗಿರಿಧರ. ಎಂ.ಎಸ್ಸಿ. ಓದಿದವನು, ನಾಯಿ ಕಂಡರೆ ಜೀವ ಬಾಯಿಗೆ ಬರುವವನು. ಇವೆರಡಕ್ಕೂ ಸಂಬಂಧವಿಲ್ಲ, ಆದರೂ ಹೇಳಿಬಿಡುವುದು ಒಳ್ಳೆಯದು. ಗೇಟಿನೊಳಗೆ ಬೊಗಳುವ ಸದ್ದಾದರೆ ಸಾಕು, ಅವನು ಮುಂದಿನ ಮನೆಗೆ ಹೋಗುತ್ತಿದ್ದ. ಹೋಗುತ್ತಿದ್ದ ಎಂದರೆ ಓಡುತ್ತಿದ್ದ. 'ನಮೂನೆಯ ಯಾವ ಕಾಲಮ್ಮೂ ಖಾಲಿ ಇರತಕ್ಕದ್ದಲ್ಲ' ಎಂಬ ನಿಯಮವಿದ್ದುದರಿಂದ ಅಂಥ ಮನೆಗಳಿಗೆಲ್ಲ ಸೊನ್ನೆ ಬರೆದ.

ಕೋಶದ ಮುಖ್ಯಸ್ಥ ಷಡಕ್ಷರಿಯವರು ಅಷ್ಟೊಂದು ಸೊನ್ನೆಗಳನ್ನು ಒಟ್ಟಿಗೆ ಕಂಡು ಭಾವುಕರಾದರು. ಪ್ರಕಟಣೆ ಹೊರಟಿತು: 'ನಾಯಿ ಉಳ್ಳ ಕುಟುಂಬಗಳಿಗೆ ಬಿಪಿ ಬಾರದಿರುವುದರಿಂದ ಉಚಿತ ಮಾತ್ರೆ ನೀಡತಕ್ಕದ್ದಲ್ಲ.'

ಮರುವಾರ ಹಳ್ಳಿಮೈಸೂರಿನ ನೀಲಗಂಗಮ್ಮ ಕೋಶಕ್ಕೇ ಬಂದಳು. ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಊಳಿಡುತ್ತದೆಂದು ತರಕಾರಿ ಟೆಂಪೋದಲ್ಲಿ ನಾಯಿಯನ್ನೂ ಕರೆತಂದಿದ್ದಳು.

"ತಲೆ ಗಿರ್ ಅಂತದೆ ಸಾ. ಮಾತ್ರೆ ಯಾಕ್ ನಿಲ್ಲಿಸ್ಬುಟ್ರಿ?"

"ನಾಯಿ ಇದೆಯಲ್ಲಮ್ಮ, ನಿಮಗೆ ಬಿಪಿ ಬರೋದಿಲ್ಲ" ಎಂದರು ಷಡಕ್ಷರಿ.

"ಅರಕಲಗೂಡು ಡಾಕ್ಟ್ರು ನೂರಾ ಎಂಬತ್ತು ಅಂದ್ರು ಸಾ!"

"ಅದು ಅರಕಲಗೂಡಿನ ಲೆಕ್ಕ. ನೀವು ಹೊಳೆನರಸೀಪುರ ತಾಲ್ಲೂಕು."

ಅಷ್ಟರಲ್ಲಿ ಕಪಾಟಿನ ಹಿಂದೆ ಅವಿತಿದ್ದ ಗಿರಿಧರ ಅವಳ ಕಣ್ಣಿಗೆ ಬಿದ್ದ. "ಅಯ್, ಗೇಟ್ ತಾವಿಂದ್ಲೇ ಓಡಿದೋರು ನೀವೇ ಅಲ್ವಾ? ಇದಕ್ಕೆ ಒಂದು ಹಲ್ಲೂ ಇಲ್ಲ ಕಣಪ್ಪ, ಅಂಬ್ಲಿ ಕುಡ್ಕೊಂಡ್ ಬದುಕಿರೋ ಪ್ರಾಣಿ!"

ಗಿರಿಧರನಿಗೆ ನಾಚಿಕೆಯಾಯಿತು. ನಾಯಿ ಅಲ್ಲೇ ಇದ್ದುದರಿಂದ ಭಯ ಅದಕ್ಕಿಂತ ಹೆಚ್ಚಾಯಿತು. ಆದರೂ ಹೇಳಿದ: "ಸರ್, ನಾಯಿ ಇರೋ ಮನೆಗೆ ನಾನು ಹೋಗೇ ಇಲ್ಲ. ನನ್ನ ಪುಕ್ಕಲುತನದಿಂದ ಇಡೀ ಲೆಕ್ಕ ಒಂದು ಕಡೆಗೆ ವಾಲಿದೆ. ಇವರಿಗೆ ಮಾತ್ರೆ ಕೊಡಿ."

"ಎಷ್ಟು ವಾಲಿದೆ?"

"ಅಳೆದಿಲ್ಲ ಸರ್."

"ಅಳೆಯದೆ ಇರೋದನ್ನ ತಿದ್ದೋದು ಹೇಗ್ರೀ?"

ಕೂಡಲೇ ವಾಲಿಕೆ ಮಾಪನ ಸಮಿತಿ ರಚನೆಯಾಯಿತು. ಅದರ ಏಕೈಕ ಸದಸ್ಯೆ, ಚನ್ನರಾಯಪಟ್ಟಣದಿಂದ ನಿಯೋಜನೆ ಮೇಲೆ ಬಂದಿದ್ದ ಅಂಕಿಅಂಶ ಅಧಿಕಾರಿ ಆರತಿ, ನಾಯಿಯನ್ನು ಅಂಗಳದಲ್ಲಿ ಕೂರಿಸಿದಳು. ವಾಲಿಕೆಗೆ ಕಾರಣ ಭಯ. ಆದ್ದರಿಂದ ಭಯವನ್ನು ಅಳೆದರೆ ವಾಲಿಕೆಯನ್ನು ಅಳೆದಂತೆಯೇ. ಗಿರಿಧರ ನಾಯಿಯತ್ತ ನಡೆಯತಕ್ಕದ್ದು, ಕಾಲು ಮುಂದೆ ಏಳದ ಜಾಗದಿಂದ ನಾಯಿಯವರೆಗೆ ಟೇಪು ಹಿಡಿಯತಕ್ಕದ್ದು.

"ಹದಿನಾಲ್ಕು ಅಡಿ ಸರ್. ಮಿತಿ ಎಷ್ಟು?" ಎಂದಳು ಆರತಿ.

ಷಡಕ್ಷರಿಯವರು ನಿಯಮಾವಳಿ ತಿರುವಿದರು. ಅಡಿಗಳಲ್ಲಿ ಇದ್ದದ್ದು ವಾಹನ ನಿಲುಗಡೆಯ ನಿಯಮವೊಂದೇ: ಹದಿನೈದು.

"ಮಿತಿಯೊಳಗಿದೆ. ವರದಿ ಸರಿಯಾಗಿದೆ."

"ನನ್ ಮಾತ್ರೆ?" ಎಂದಳು ನೀಲಗಂಗಮ್ಮ.

"ನಾಯಿ ಇಲ್ಲದಿದ್ದರೆ ಖಂಡಿತ ಕೊಡ್ತಿದ್ವಿ."

ನೀಲಗಂಗಮ್ಮ ಒಂದು ಗಳಿಗೆ ಯೋಚಿಸಿದಳು. ಆಮೇಲೆ ನಾಯಿಯ ಹಗ್ಗವನ್ನು ಗಿರಿಧರನ ಕೈಗೆ ತುರುಕಿದಳು. "ಹಿಡ್ಕಳಿ. ಇನ್ಮೇಲೆ ಇದು ನಿಮ್ದು."

ಆರತಿ ನಾಯಿಯ ಹಸ್ತಾಂತರವನ್ನು ದಾಖಲಿಸಿಕೊಂಡಳು. ನೀಲಗಂಗಮ್ಮನಿಗೆ ನಿಯಮಾನುಸಾರ ಮಾತ್ರೆ ಸಿಕ್ಕಿತು.

ಗಿರಿಧರನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು, ಎದೆಬಡಿತ ಕಿವಿಯಲ್ಲಿ ಕೇಳುತ್ತಿತ್ತು. ನಾಯಿ ಪ್ರೀತಿಯಿಂದ ಅವನ ಹತ್ತಿರ ಬಂತು.

"ಸರ್, ಇವರ ಬಿಪಿ ಒಂದ್ಸಲ ನೋಡಿಬಿಡ್ಲಾ?" ಆರತಿ ಕೇಳಿದಳು.

"ಯಾಕಮ್ಮಾ? ನಾಯಿ ಇದೆಯಲ್ಲ."

ಅದೂ ನಿಜವೇ ಎಂದು ಎಲ್ಲರಿಗೂ ಅನ್ನಿಸಿತು. ಅಷ್ಟು ಹೊತ್ತಿಗೆ ಕುರ್ಚಿ ಹತ್ತಿ ನಿಂತಿದ್ದ ಗಿರಿಧರನಿಗೂ.