ಇಲ್ಲದ ಓಣಿಯಲ್ಲಿ ಪರೀಕ್ಷೆ

ಪರೀಕ್ಷೆ ಎಲ್ಲೇ ನಡೆಯಲಿ, ವಿದ್ಯಾರ್ಥಿ ಬಾರದಿದ್ದರೂ ಎಡವಟ್ಟು ಮಾತ್ರ ಹಾಜರಿ ಹಾಕಿಯೇ ಹಾಕುತ್ತದೆ. ಕೋಲ್ಕತ್ತದ ಒಂದು ಕಾಲೇಜಿನಲ್ಲಿ ಹದಿನೆಂಟು ವರ್ಷ ಸಾರ್ವಜನಿಕ ಆರೋಗ್ಯದ ಪಾಠ ಮಾಡಿದ್ದೇನೆ, ಇಷ್ಟು ಹೇಳುವ ಹಕ್ಕು ನನಗಿದೆ. ಗಂಡನ ರೈಲ್ವೆ ನೌಕರಿಯ ಬೆನ್ನು ಹತ್ತಿ ಧಾರವಾಡದಿಂದ ಬಂದವಳು ನಾನು. ಕೊಠಡಿಯಲ್ಲಿ ನಡೆಸುವುದರಿಂದ ತಾನೆ ಎಡವಟ್ಟು, ಕೊಠಡಿಯೇ ಇಲ್ಲದ ಕಡೆ ಪರೀಕ್ಷೆ ಇಟ್ಟರೆ ಹೇಗೆ ಎಂದು ಒಮ್ಮೆ ನನ್ನ ತಲೆಯಲ್ಲಿ ಹುಳ ಹೊಕ್ಕಿತು.

ಹೊಗಿಸಿದ್ದು ಉತ್ತರಪತ್ರಿಕೆಗಳೇ. 'ಓಣಿಯಲ್ಲಿ ವಾಂತಿಭೇದಿ ಹಬ್ಬಿದರೆ ಕಾರಣ ಹೇಗೆ ಹುಡುಕುವಿರಿ' ಎಂದು ಕೇಳಿದರೆ ನಲವತ್ತು ಮಂದಿಯೂ ಒಂದೇ ಗೈಡಿನ ಒಂದೇ ಪುಟ ಬರೆಯುತ್ತಿದ್ದರು. ಗೈಡಿನ ಅಚ್ಚಿನ ತಪ್ಪೂ ನಲವತ್ತು ಕಡೆ ಅಷ್ಟೇ ಭಕ್ತಿಯಿಂದ ಮೂಡಿರುತ್ತಿತ್ತು. ಹಾಗಾಗಿ ಕಂಪ್ಯೂಟರ್ ವಿಭಾಗದ ಗೆಳತಿಯೊಬ್ಬಳ ಜೊತೆ ಸೇರಿ ಮೂರು ವರ್ಷ ಒದ್ದಾಡಿ, ಕಂಪ್ಯೂಟರಿನೊಳಗೆ ಒಂದು ಓಣಿ ಕಟ್ಟಿದೆ. ಇಲ್ಲಿಯವರು ಪಾಡಾ ಅನ್ನುತ್ತಾರಲ್ಲ, ಅದೇ. ಮನೆ, ಮೀನಿನಂಗಡಿ, ಚಹಾ ಅಂಗಡಿ, ನಮ್ಮ ಪಾನಿಪೂರಿಯ ದೊಡ್ಡಣ್ಣನಾದ ಫುಚ್ಕಾದ ಗಾಡಿ, ಮೂಲೆಯಲ್ಲೊಂದು ನಲ್ಲಿ. ವಿದ್ಯಾರ್ಥಿ ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡರೆ ಆ ಓಣಿಯಲ್ಲಿ ಓಡಾಡಬಹುದು, ಪ್ರಶ್ನೆಗಳ ಪಟ್ಟಿಯಿಂದ ಆರಿಸಿ ಜನರನ್ನು ಮಾತಾಡಿಸಬಹುದು, ನೀರು ಪರೀಕ್ಷಿಸಬಹುದು. ಎಲ್ಲಿ ಹೋದ, ಯಾರನ್ನು ಕೇಳಿದ, ಏನನ್ನು ಬಿಟ್ಟ, ಎಲ್ಲವನ್ನೂ ಕಂಪ್ಯೂಟರ್ ಬರೆದಿಟ್ಟುಕೊಂಡು ಅಂಕ ಹಾಕುತ್ತದೆ.

ನಮ್ಮ ವಿಭಾಗದ ಮುಖ್ಯಸ್ಥರು ಇದನ್ನು ನೋಡಿ ಒಂದೇ ಮಾತು ಹೇಳಿದರು: "ಮ್ಯಾಡಮ್, ಇದು ಪರೀಕ್ಷೆಯಲ್ಲ, ಆಟ." ಪರೀಕ್ಷೆ ಅಂದರೆ ಅವರಿಗೆ ಮೂರು ಗಂಟೆ, ಕಾಗದ ಮತ್ತು ಬೆವರು. ನಲವತ್ತಕ್ಕೆ ಪಾಸು ಅಂದರೆ ಮೂವತ್ತೊಂಬತ್ತಕ್ಕೆ ನಿಲ್ಲಿಸುವುದರಲ್ಲಿ ಅವರು ಪ್ರಸಿದ್ಧರು. ಒಂದಂಕಕ್ಕಾಗಿ ಯಾರು ಎಷ್ಟು ಅತ್ತರೂ, "ಅಂಕ ಅಂದರೆ ತರಕಾರಿ ಜೊತೆ ಬಿಟ್ಟಿ ಕೊಡುವ ಕೊತ್ತಂಬರಿ ಸೊಪ್ಪಲ್ಲ" ಎಂದು ಕಳಿಸಿಬಿಡುವವರು. ಒಂದು ಸೆಮಿಸ್ಟರ್ ನಡೆಸಿ ನೋಡಿ, ಕೊನೆಯ ಸಭೆಯಲ್ಲಿ ತೀರ್ಮಾನ ಎಂದರು. ಅವರು ಬೇಡವೆಂದರೆ ಹೆಡ್‌ಸೆಟ್‌ಗಳು ಬೀರುವಿಗೆ, ನಾನು ಮತ್ತೆ ಗೈಡಿಗೆ. ಆ ಸೆಮಿಸ್ಟರ್ ಪೂರ್ತಿ ನನ್ನ ಜೀವ ಕೈಯಲ್ಲಿತ್ತು.

೧. ಕಿವಿರಿಲ್ಲದ ಮೀನು

ಮೊದಲ ತಂಡ ಒಳಗೆ ಹೋಯಿತು. ನಾನು ಪರದೆ ನೋಡುತ್ತಿದ್ದೆ. ಹುಷಾರಿಲ್ಲದವರ ಮನೆಗೆ ಹೋಗುತ್ತಾರೆ, ನಲ್ಲಿ ನೋಡುತ್ತಾರೆ ಎಂದುಕೊಂಡರೆ, ಹತ್ತರಲ್ಲಿ ಒಂಬತ್ತು ಮಂದಿ ಸೀದಾ ಮೀನಿನಂಗಡಿಗೆ ಹೋಗಿ ನಿಂತರು. ಬಗ್ಗಿ, ಮೀನು ತಿರುಗಿಸಿ, ಕತ್ತಿನ ಹತ್ತಿರ ಏನನ್ನೋ ಎತ್ತಿ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಪರೀಕ್ಷೆ ಮುಗಿದ ಮೇಲೆ ಆ ಒಂಬತ್ತು ವರದಿಗಳಲ್ಲೂ ಒಂದೇ ತೀರ್ಮಾನ: 'ರೋಗಕ್ಕೆ ಕಾರಣ ಕೊಳೆತ ಮೀನು.'

"ಕೊಳೆತಿದೆ ಅಂತ ಯಾರು ಹೇಳಿದರು?" ಎಂದೆ.

"ಮ್ಯಾಮ್, ಕಿವಿರು ಎತ್ತಿ ನೋಡಿದೆವು. ಕೆಂಪೇ ಇಲ್ಲ, ಬರೀ ಬೂದಿ ಬಣ್ಣ. ಅಂಥ ಮೀನನ್ನು ನಮ್ಮ ಅಪ್ಪ ಮನೆಯೊಳಗೆ ಬಿಡುವುದಿಲ್ಲ."

ಮೀನಿಗೆ ಕಿವಿರು ಇರುತ್ತದೆ, ಅದು ಕೆಂಪಿದ್ದರೆ ತಾಜಾ ಎಂಬುದು ಇಲ್ಲಿ ಎಲ್‌ಕೆಜಿ ಮಕ್ಕಳಿಗೂ ಗೊತ್ತು. ಹುಟ್ಟಿನಿಂದ ಜೋಳದ ರೊಟ್ಟಿ, ಪುಂಡಿಪಲ್ಯ ತಿಂದು ಬೆಳೆದ ನನಗೆ ಹೇಗೆ ಗೊತ್ತಾಗಬೇಕು? ಮೀನನ್ನು ನಾನು ಅಂದಕ್ಕೆ ಅಂತ ಇಡಿಸಿದ್ದೆ, ತಲೆಯಿಂದ ಬಾಲದ ತನಕ ಒಂದೇ ಬಣ್ಣ. ಸಾಕ್ಷಿ ಹುಡುಕಿ ಸರಿಯಾಗಿ ತರ್ಕ ಮಾಡಿದವರಿಗೆ ಅಂಕ ಕೊಡದೆ ಗತಿಯಿರಲಿಲ್ಲ. ಅಷ್ಟಕ್ಕೂ ಗೈಡಿನ ಒಂದು ಸಾಲೂ ಯಾರ ವರದಿಯಲ್ಲೂ ಇರಲಿಲ್ಲ. ಅದನ್ನು ಕಂಡು ಒಳಗೊಳಗೇ ಕುಣಿದೆ.

ಮರುದಿನ ಬೆಳಿಗ್ಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಗರಿಯಾಹಾಟ್ ಮಾರ್ಕೆಟ್ಟಿಗೆ ಹೋದೆ. ಮೀನಿನವನು ದೊಡ್ಡದೊಂದನ್ನು ಎತ್ತಿ ಹಿಡಿದು, "ಎಷ್ಟು ಕೊಡಲಿ ದೀದಿ?" ಎಂದ.

"ಮೀನು ಬೇಡ, ನಾವು ತಿನ್ನುವುದಿಲ್ಲ. ಕಿವಿರಿನ ಫೋಟೋ ತೆಗೆದುಕೊಳ್ಳುತ್ತೇನೆ."

ಅವನು ಮೀನು ಕೆಳಗಿಟ್ಟ. ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದ: "ತಿನ್ನಲು ಮನೆಯಲ್ಲಿ ಬಿಡುವುದಿಲ್ಲವೇ ದೀದಿ?"

೨. ಬೆಂಚಿನ ಮೇಲಿನ ಸಂಶೋಧಕ

ಎರಡನೇ ತಂಡದಲ್ಲಿ ಒಬ್ಬ ಹುಡುಗ ಓಣಿಗೆ ಕಾಲಿಟ್ಟವನೇ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಏಳಲಿಲ್ಲ. ಉಳಿದವರು ಬೀದಿ ಬೀದಿ ಅಲೆಯುತ್ತಿದ್ದರೆ ಇವನ ಹೆಸರಿನ ಮುಂದೆ ಕಂಪ್ಯೂಟರ್ 'ಚಲನೆ ಇಲ್ಲ' ಎಂದು ಕೆಂಪಕ್ಷರದಲ್ಲಿ ತೋರಿಸುತ್ತಲೇ ಇತ್ತು. ಅದೇ ಹೊತ್ತಿಗೆ ಮುಖ್ಯಸ್ಥರು ಬಾಗಿಲಲ್ಲಿ ಬಂದು ನಿಂತರು.

"ಅವನು ಏನು ಮಾಡುತ್ತಿದ್ದಾನೆ?"

"ಕೂತಿದ್ದಾನೆ ಸರ್."

"ಅದನ್ನು ನನ್ನ ಕ್ಲಾಸಿನಲ್ಲೂ ಮಾಡುತ್ತಾನೆ. ಅದಕ್ಕೆ ಮೂರು ವರ್ಷದ ಯಂತ್ರ ಬೇಕಿತ್ತೇ?" ಎಂದು ಹೊರಟುಹೋದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹುಡುಗ ಹೊರಗೆ ಬಂದಕೂಡಲೇ, "ಸೊನ್ನೆ ಕೊಡುತ್ತೇನೆ ನಿನಗೆ" ಎಂದೆ.

"ಮ್ಯಾಮ್, ವರದಿ ಓದಿ" ಎಂದ ಅವನು, ತಣ್ಣಗೆ.

ಓದಿದೆ. ಚಹಾ ಅಂಗಡಿಯಲ್ಲಿ ನಾಲ್ಕು ಮುದುಕರು ಹರಟೆ ಹೊಡೆಯುವ ಧ್ವನಿ ಸುಮ್ಮನೆ ಗದ್ದಲಕ್ಕಿರಲಿ ಎಂದು ನಾವು ತುಂಬಿದ್ದೆವು. ಯಾರೂ ಕೇಳಿಸಿಕೊಳ್ಳಲಿಕ್ಕಿಲ್ಲ ಎಂದುಕೊಂಡಿದ್ದೆವು. ಇವನು ಪೂರ್ತಿ ಕೇಳಿದ್ದ. 'ಚಹಾದವನು ನೀರು ತರುವುದು ಮೂಲೆಯ ನಲ್ಲಿಯಿಂದ. ಫುಚ್ಕಾದವನೂ ಹುಣಸೆ ನೀರಿಗೆ ಅಲ್ಲಿಂದಲೇ ಹಿಡಿಯುತ್ತಾನೆ. ಚಹಾ ಕುಡಿದವರಲ್ಲಿ ಒಬ್ಬರಿಗೂ ಕಾಯಿಲೆಯಿಲ್ಲ, ಯಾಕೆಂದರೆ ನೀರು ಕುದಿದಿದೆ. ಫುಚ್ಕಾ ತಿಂದವರು ಮಲಗಿದ್ದಾರೆ. ತಪ್ಪು ನಲ್ಲಿಯದು.' ಅಕ್ಷರಶಃ ಸರಿಯುತ್ತರ, ಅದೂ ನಾನು ಯೋಚಿಸದ ದಾರಿಯಿಂದ!

ಹರಟೆಗೆ ಇಲ್ಲಿ ಅಡ್ಡಾ ಅನ್ನುತ್ತಾರೆ. ಊರಿನ ಅರ್ಧ ಜ್ಞಾನ ಇರುವುದು ಅಲ್ಲೇ ಎಂದು ಬಂಗಾಳಿಗಳು ಹೇಳಿದಾಗೆಲ್ಲ ನಕ್ಕಿದ್ದವಳು ನಾನು. ಅಂದು ನಗು ವಾಪಸ್ ತೆಗೆದುಕೊಂಡು ಅವನಿಗೆ ಎಂಬತ್ತೆಂಟು ಕೊಟ್ಟೆ.

ಮುಂದಿನ ತಂಡದ ಹೊತ್ತಿಗೆ ರೋಗದ ಕಾರಣವನ್ನು ಬದಲಿಸಿದ್ದೆವು. ಆದರೆ ಬೆಂಚಿನ ಮೇಲೆ ಕೂತರೆ ಅಂಕ ಎಂಬ ಸುದ್ದಿ ಕಾಲೇಜಿಡೀ ಹಬ್ಬಿತ್ತು. ಹನ್ನೆರಡು ಮಂದಿ ಓಣಿಗೆ ಇಳಿದವರೇ ನಾಲ್ಕಾಳಿನ ಬೆಂಚಿನ ಮೇಲೆ ಒಬ್ಬರ ತೊಡೆಯ ಮೇಲೊಬ್ಬರು ಕೂತರು. ಕಂಪ್ಯೂಟರ್ ಸ್ವಲ್ಪ ಹೊತ್ತು ಸಹಿಸಿಕೊಂಡು, ಕೊನೆಗೆ 'ಚಲನೆ ಇಲ್ಲ' ಎಂದು ತೋರಿಸಿ ತಾನೂ ನಿಂತುಬಿಟ್ಟಿತು.

೩. ಅತ್ತೆಯ ಅಂಕಪಟ್ಟಿ

ಕೆಟ್ಟ ಕಂಪ್ಯೂಟರನ್ನು ಗೆಳತಿ ರಿಪೇರಿ ಮಾಡಿದಳು. ಹಳೆಯ ನಲ್ಲಿಯ ಕಥೆಯನ್ನೇ ಮತ್ತೆ ಹಾಕಿ ನೋಡೋಣವೆಂದು ಒಂದು ಹೆಡ್‌ಸೆಟ್ ಬಾಲಿಗಂಜ್‌ನ ನಮ್ಮ ಫ್ಲ್ಯಾಟಿಗೆ ತಂದೆ. ಧಾರವಾಡದಿಂದ ಅತ್ತೆ ಬಂದಿದ್ದರು. ಬಂಗಾಳಿ ಬಾರದು, ಹಿಂದಿ ಅಷ್ಟಕ್ಕಷ್ಟೆ.

"ಏನವಾ ಅದು, ಎತ್ತಿನ ಕಣ್ಣಿಗೆ ಕಟ್ಟೂ ಹಂಗ ಐತಿ? ನನಗೂ ಕಟ್ಟು, ನೋಡೂಣು" ಎಂದರು.

ಪ್ರಶ್ನೆಗಳ ಗುಂಡಿ ಒತ್ತಲು, ಬಂಗಾಳಿ ಉತ್ತರವನ್ನು ಕನ್ನಡದಲ್ಲಿ ಹೇಳಲು ಮಗಳನ್ನು ಪಕ್ಕದಲ್ಲಿ ಕೂರಿಸಿದೆ. ಅತ್ತೆ ಓಣಿಯ ಮೊದಲ ಮನೆಯ ಹೊಸ್ತಿಲಿಗೆ ಬಂದರು. ತಟ್ಟನೆ ನಿಂತು, ನಮ್ಮ ಪಡಸಾಲೆಯಲ್ಲಿ ತಾವು ಹಾಕಿಕೊಂಡಿದ್ದ ಚಪ್ಪಲಿ ಬಿಟ್ಟು ಒಳಗೆ ಹೋದರು. ಒಳಗೆ ಒಬ್ಬ ಅಜ್ಜಿ ಮಲಗಿದ್ದಳು.

"ಅಜ್ಜೀ, ಫೀವರ್ ಐತೇನು ಅಂತ ಕೇಳ್ಲಾ?" ಎಂದಳು ಮಗಳು.

"ಜ್ವರದ್ದು ಆಮ್ಯಾಲೆ. ನೀರ ಎಷ್ಟ ದಿನಕ್ಕೊಮ್ಮೆ ಬರ್ತಾವ ಅಂತ ಕೇಳ ಮದಲ."

"ಅದು ಲಿಸ್ಟ್‌ದಾಗ ಲಾಸ್ಟ್ ಐತಿ ಅಜ್ಜಿ."

"ಪಟ್ಟಿ ಮಾಡಿದವ್ರಿಗೆ ಬುದ್ಧಿ ಇಲ್ಲ. ಒತ್ತು."

ಪಟ್ಟಿ ಮಾಡಿದವಳು ನಾನೇ. ನಲ್ಲಿಯ ನೀರಿಗಾಗಿ ದಿನ ಎಣಿಸುತ್ತ ಇಡೀ ಆಯುಷ್ಯ ಕಳೆದವರು ಅತ್ತೆ. ನೀರಿನ ವಿಷಯದಲ್ಲಿ ಅವರ ಮೂಗು ಪೊಲೀಸ್ ನಾಯಿಯದ್ದು. ನೀರು ಬರುವುದು ಮೂಲೆಯ ನಲ್ಲಿಯಿಂದ ಎಂದು ಗೊತ್ತಾದದ್ದೇ ತಡ, ನಲ್ಲಿಯ ಮುಂದೆ ಹಾಜರ್. "ಅಯ್ಯ, ಗಟಾರದ ಮಗ್ಗಲಾ ನಳ ಕುಂದರ್ಸ್ಯಾರಲ್ಲ, ಪೈಪು ಒಡದೈತಿ ನೋಡಿಲ್ಲೆ! ಜಡ್ಡು ಬರದ ಏನಾಗ್ತೈತಿ?" ಎಂದರು. ಮಗಳು ನೀರಿನ ಪರೀಕ್ಷೆಯ ಗುಂಡಿ ಒತ್ತಿದಳು. ಮುಗಿಯಿತು. ಹನ್ನೊಂದು ನಿಮಿಷ, ತೊಂಬತ್ತೆರಡು ಅಂಕ. ಕಾಲೇಜಿನಲ್ಲಿ ಯಾರೂ ಅಷ್ಟು ತೆಗೆದಿರಲಿಲ್ಲ. ಖುಷಿಗೆ ಅತ್ತೆಯನ್ನು ಅಪ್ಪಿಕೊಂಡುಬಿಟ್ಟೆ, ಮದುವೆಯಾದ ಮೇಲೆ ಅದೇ ಮೊದಲು.

"ಉಳದ ಎಂಟು ಎಲ್ಲಿ ಹೋದ್ವು?" ಎಂದರು ಅತ್ತೆ, ಬಿಡಿಸಿಕೊಳ್ಳುತ್ತ.

ಲೆಕ್ಕ ತೆಗೆದು ನೋಡಿದೆ, ವ್ಯರ್ಥವಾಗಿ ಕಳೆದ ಹೊತ್ತಿಗೆ ಕಂಪ್ಯೂಟರ್ ಅಂಕ ಕಳೆದಿತ್ತು. ಹನ್ನೊಂದರಲ್ಲಿ ನಾಲ್ಕು ನಿಮಿಷ ಅವರು, ಆ ಓಣಿಯಲ್ಲಿ ಯಾರೋ ತೆರೆದು ಬಿಟ್ಟಿದ್ದ ನಲ್ಲಿಯನ್ನು ಬಂದ್ ಮಾಡಲು ನಮ್ಮ ಪಡಸಾಲೆಯ ನಡುವೆ ನಿಂತು ಗಾಳಿಯನ್ನು ತಿರುಗಿಸುತ್ತಿದ್ದರು.

೪. ಮುಖ್ಯಸ್ಥರು ಬಾಯಿ ತೆರೆದದ್ದು

ಸಭೆಗೆ ಮೂರು ದಿನವಿತ್ತು. ಮುಖ್ಯಸ್ಥರು ಬಂದು, "ಮ್ಯಾಡಮ್, ಇದನ್ನು ನಿಲ್ಲಿಸಬೇಕು ಅಂತ ಬರೆಯುತ್ತೇನೆ. ಆದರೆ ನೋಡದೆ ಬರೆದೆ ಎನ್ನುವ ಮಾತು ಬರಬಾರದು. ಒಮ್ಮೆ ನಾನೇ ಒಳಗೆ ಹೋಗುತ್ತೇನೆ" ಎಂದರು. ನೇಣಿಗೆ ಹಾಕುವ ಮುಂಚೆ ಹಗ್ಗ ಪರೀಕ್ಷಿಸುವ ಶಿಸ್ತು. ನಾನು ದೇವರ ಹೆಸರು ಹೇಳಿ ಹೆಡ್‌ಸೆಟ್ ಕಟ್ಟಿದೆ.

ಮೊದಲು ಮೀನಿನಂಗಡಿ. ಕಿವಿರು ಎತ್ತಿ ನೋಡಿದರು. ಈಗ ಅದು ಗರಿಯಾಹಾಟ್ ಕೆಂಪು. "ಪರವಾಗಿಲ್ಲ" ಎಂದರು. ನಂತರ ಬೆಂಚಿನ ಮೇಲೆ ಕೂತು, ಹರಟುತ್ತಿದ್ದ ಮುದುಕರ ಮಾತನ್ನು ಕೇಳುವ ಬದಲು ತಾವೇ ಫುಟ್ಬಾಲಿನ ಬಗ್ಗೆ ಹತ್ತು ನಿಮಿಷ ಭಾಷಣ ಮಾಡಿದರು. ಮುದುಕರು ತಮ್ಮ ಪಾಡಿಗೆ ಹರಟುತ್ತಲೇ ಇದ್ದರು. "ನನ್ನ ಮಾತು ಕೇಳಿಸಿಕೊಳ್ಳುತ್ತಲೇ ಇಲ್ಲ. ಥೇಟ್ ನಮ್ಮ ಪಾಡಾದವರ ಹಾಗೇ ಮಾಡಿದ್ದೀರಿ" ಎಂದು ಮೆಚ್ಚಿದರು. ಆಮೇಲೆ ಫುಚ್ಕಾ ಗಾಡಿ ಕಾಣಿಸಿತು.

ಮುಖ್ಯಸ್ಥರಿಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಜೊತೆಗೆ ಕಟ್ಟುನಿಟ್ಟಿನ ಹೆಂಡತಿ. ಎಷ್ಟು ವರ್ಷದಿಂದ ತಿಂದಿರಲಿಲ್ಲವೋ. ಎಡಗೈಯಲ್ಲಿ ಇಲ್ಲದ ಎಲೆದೊನ್ನೆ ಹಿಡಿದರು, ಸೊಂಟ ಬಗ್ಗಿಸಿ ಬಾಯಿ ದೊಡ್ಡದಾಗಿ ತೆರೆದರು. ಒಂದು, ಎರಡು, ಆರು, ಹನ್ನೆರಡು. ಪ್ರಯೋಗಾಲಯದ ಬಾಗಿಲಲ್ಲಿ ಮೂರು ತಂಡದ ವಿದ್ಯಾರ್ಥಿಗಳೂ ನೆರೆದು ನೋಡುತ್ತಿದ್ದರು. ಹನ್ನೆರಡಾದ ಮೇಲೂ ಅವರು ಕೈ ಚಾಚಿ ನಿಂತೇ ಇದ್ದರು.

"ಸರ್, ಮುಗಿಯಿತು" ಎಂದೆ.

"ಮುಗಿಯಿತೇ? ನನ್ನ ಫಾವು ಎಲ್ಲಿ?"

ಫಾವು ಅಂದರೆ ಫುಚ್ಕಾ ತಿಂದು ಮುಗಿಸಿದವರಿಗೆ ಗಾಡಿಯವನು ಕೊನೆಗೆ ಬಿಟ್ಟಿಯಾಗಿ ಕೊಡುವ ಇನ್ನೊಂದು. ಅದು ಕೋಲ್ಕತ್ತದಲ್ಲಿ ಹುಟ್ಟಿದವರ ಜನ್ಮಸಿದ್ಧ ಹಕ್ಕು. ನಾವು ಅದನ್ನು ಹಾಕುವುದು ಮರೆತಿದ್ದೆವು. ಮುಖ್ಯಸ್ಥರು ಇಲ್ಲದ ಗಾಡಿಯವನಿಗೆ ಬೆರಳು ತೋರಿಸಿ ಜಗಳ ತೆಗೆದರು. ಅಷ್ಟರಲ್ಲಿ ಕೆಟ್ಟ ನೀರು ಕೆಲಸ ಮಾಡಿತು. ಅವರ ಕಣ್ಣ ಮುಂದಿನ ಓಣಿ ಹಸಿರಾಗಿ, ಮಸುಕಾಗಿ, ಪರದೆಯ ಮೇಲೆ ಬಂತು: 'ನೀವು ಅಸ್ವಸ್ಥರಾಗಿದ್ದೀರಿ. ಕಾರಣ ಪತ್ತೆಯಾಗಿಲ್ಲ. ಅಂಕ: ಮೂವತ್ತೊಂಬತ್ತು. ಅನುತ್ತೀರ್ಣ.'

ಹೆಡ್‌ಸೆಟ್ ಕಳಚಿದರು. ಕೂದಲು ಕೆದರಿತ್ತು, ಅಂಗಿ ಬೆವರಿನಿಂದ ಒದ್ದೆ. "ಮೂವತ್ತೊಂಬತ್ತು? ನನಗೆ? ಇದರಲ್ಲಿ ಪಾಸಾದವರು ಯಾರಾದರೂ ಇದ್ದಾರೆಯೇ?"

"ನಮ್ಮ ಅತ್ತೆ ತೊಂಬತ್ತೆರಡು ತೆಗೆದಿದ್ದಾರೆ ಸರ್. ನಾಲ್ಕನೇ ಇಯತ್ತೆ ಓದಿದವರು."

ಹೆಡ್‌ಸೆಟ್ ಮೇಜಿನ ಮೇಲಿಟ್ಟು ಹೊರಟುಹೋದರು. ನನ್ನ ಕಥೆ ಮುಗಿಯಿತು, ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ತಲೆ ಚಚ್ಚಿಕೊಂಡೆ.

ಮರುದಿನ ನನ್ನ ಮೇಜಿನ ಮೇಲೆ ಒಂದು ಕಾಗದ. ಕಾಲೇಜಿನ ಅಚ್ಚಾದ ನಮೂನೆಯಲ್ಲೇ ಭರ್ತಿ ಮಾಡಿದ ಮರುಮೌಲ್ಯಮಾಪನದ ಅರ್ಜಿ, ಕೆಳಗೆ ಮುಖ್ಯಸ್ಥರ ದಪ್ಪ ಸಹಿ. 'ಮೇಲ್ಕಂಡ ಪರೀಕ್ಷೆಯಲ್ಲಿ ನನಗೆ ಅನ್ಯಾಯವಾಗಿದೆ. ಫಾವು ಕೊಡದ ಫುಚ್ಕಾದವನಿರುವ ಓಣಿಯಲ್ಲಿ ನ್ಯಾಯವಾದ ತನಿಖೆ ಅಸಾಧ್ಯ.' 'ಪರೀಕ್ಷೆ' ಎಂಬ ಅವರ ಕೈಬರಹವನ್ನು ಮೂರು ಸಲ ಓದಿ, ಕಾಗದವನ್ನು ಕಣ್ಣಿಗೊತ್ತಿಕೊಂಡೆ.

ಸಭೆಯಲ್ಲಿ ಪ್ರಾಂಶುಪಾಲರು, "ಇದು ಆಟವೋ ಪರೀಕ್ಷೆಯೋ, ಒಂದು ತೀರ್ಮಾನ ಹೇಳಿ" ಎಂದರು. ನಾನು ಅರ್ಜಿಯ ಫೈಲಿಗೆ ಕೈ ಹಾಕಿದೆ. ಅದನ್ನು ತೆಗೆಯುವ ಮೊದಲೇ ಮುಖ್ಯಸ್ಥರು ಎದ್ದು ನಿಂತರು.

"ನಾನು ಆಟ ಬಹಳ ಆಡಿದ್ದೇನೆ. ಆಟದಲ್ಲಿ ಸೋತಿದ್ದೇನೆ, ಆದರೆ ರಾತ್ರಿ ಊಟ ಬಿಟ್ಟಿರಲಿಲ್ಲ. ಮೂವತ್ತೊಂಬತ್ತು ಬಂತು ಅಂತ ಮೊನ್ನೆ ಊಟ ಸೇರಲಿಲ್ಲ. ನಲ್ಲಿಯನ್ನು ನೋಡದೆ ಗಾಡಿಗೆ ಹೋದವನು ನಾನು, ತಪ್ಪು ನನ್ನದೇ. ಇದು ಪರೀಕ್ಷೆಯೇ. ಮುಂದಿನ ವರ್ಷದಿಂದ ಎಲ್ಲರಿಗೂ ಇರಲಿ."

ಮೂರು ವರ್ಷದ ಕೂಸು ನನ್ನದು. ಚಪ್ಪಾಳೆಯ ನಡುವೆ ನನಗೆ ಅಳುವೇ ಬಂದುಬಿಟ್ಟಿತು. ಫುಚ್ಕಾದವನು ಫಾವು ಕೊಡಬೇಕೆಂಬ ತಿದ್ದುಪಡಿಯೂ ಸರ್ವಾನುಮತದಿಂದ ಪಾಸಾಯಿತು.

ಇನ್ನು ಉಳಿದದ್ದು ಅರ್ಜಿ. ನಿಯಮ ಅಂದರೆ ನಿಯಮ. ಮರುಮೌಲ್ಯಮಾಪನ ಮಾಡಿ, ಫಲಿತಾಂಶ ಬರೆದು ಅವರ ಕೋಣೆಗೆ ಒಯ್ದುಕೊಟ್ಟೆ. ಮುಖ್ಯಸ್ಥರು ಕನ್ನಡಕ ಏರಿಸಿ ಓದಿದರು.

"ನಲವತ್ತು. ಪಾಸು. ಒಂದಂಕ ಜಾಸ್ತಿ ಮಾಡಿದ್ದೀರಿ." ಅವರ ಹಳೆಯ ಗತ್ತು ವಾಪಸ್ ಬಂದಿತ್ತು. "ಯಾವ ಉತ್ತರಕ್ಕೆ ಮ್ಯಾಡಮ್, ಈ ಒಂದಂಕ?"

"ಉತ್ತರಕ್ಕಲ್ಲ ಸರ್" ಎಂದೆ. "ಫಾವು."